ಮೊದಲು ಸೊನ್ನೆ ನೋಡುವವಳು

ನಾನು ಮೂವತ್ತಾರು ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವನು. ಅಷ್ಟು ವರ್ಷಗಳಲ್ಲಿ ನನ್ನ ಮುಂದೆ ಕುಳಿತು ಎದ್ದುಹೋದ ಮಕ್ಕಳ ಮುಖಗಳು ಈಗ ಒಂದರೊಳಗೊಂದು ಬೆರೆತುಹೋಗಿವೆ. ದಾರಿಯಲ್ಲಿ ತಲೆನರೆತ ಗಂಡಸೊಬ್ಬ ನಿಂತು, "ಸರ್, ಗುರುತು ಸಿಕ್ತಾ?" ಎಂದು ಕೇಳಿದರೆ, ಸಿಕ್ಕಿತೆಂದು ಸುಳ್ಳು ಹೇಳಿ ನಗುತ್ತೇನೆ. ಆದರೆ ಒಬ್ಬ ಹುಡುಗಿಯನ್ನು ಮಾತ್ರ ನಾನು ಒಂದು ದಿನವೂ ಮರೆತವನಲ್ಲ. ಅವಳು ನನ್ನ ತಪ್ಪನ್ನು ಹಿಡಿದವಳು.

ಎಂಟನೆಯ ತರಗತಿ. ಮೇಜಿನ ಮೇಲೆ ಕಂಬ ನಿಲ್ಲಿಸಿ, ಅದಕ್ಕೆ ಸ್ಪ್ರಿಂಗ್ ತಕ್ಕಡಿಯನ್ನು ತೂಗುಹಾಕಿ, ಕೊಕ್ಕೆಗೆ ಒಂದು ಕಲ್ಲು ಕಟ್ಟಿದ್ದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ನೋಡಿ, "ಇನ್ನೂರ ಅರವತ್ತು ಗ್ರಾಂ" ಎಂದು ಬರೆದುಕೊಂಡು ಹೋದರು. ಮೂರನೆಯ ಬೆಂಚಿನ ಆ ಹುಡುಗಿ ಮಾತ್ರ ಇನ್ನೂರ ಐವತ್ತು ಎಂದು ಬರೆದಿದ್ದಳು.

"ಯಾಕಮ್ಮ, ಕಣ್ಣು ಕಾಣಲ್ವಾ?" ಎಂದು ಕೇಳಿದೆ.

"ಕಾಣುತ್ತೆ ಸರ್. ಕಲ್ಲು ಕಟ್ಟೋಕೆ ಮುಂಚೇನೇ ಮುಳ್ಳು ಹತ್ತರ ಮೇಲೆ ನಿಂತಿತ್ತು. ಆ ಹತ್ತು ಕಲ್ಲಿಂದಲ್ಲ, ತಕ್ಕಡೀದು."

ಕಲ್ಲನ್ನು ಬಿಚ್ಚಿ ನೋಡಿದೆ. ಅವಳು ಹೇಳಿದ್ದೇ ಸರಿ. ಆ ತಕ್ಕಡಿಯನ್ನು ನಾನು ಹನ್ನೊಂದು ವರ್ಷಗಳಿಂದ ಬಳಸುತ್ತಿದ್ದೆ. ಹನ್ನೊಂದು ವರ್ಷ ನಾನು ಹಾಕಿದ್ದ ಸರಿ ಗುರುತುಗಳೆಲ್ಲ ಕಣ್ಣ ಮುಂದೆ ಬಂದು ನಿಂತು ನನ್ನನ್ನು ನೋಡಿ ನಕ್ಕಂತಾಯಿತು. ಅಂದಿನಿಂದ ನನ್ನ ಪಾಠದಲ್ಲಿ ಒಂದು ವಾಕ್ಯ ಹೆಚ್ಚಾಯಿತು: "ಅಳೆಯುವ ಮೊದಲು ಸೊನ್ನೆಯನ್ನು ನೋಡಿ." ಆ ವಾಕ್ಯ ಯಾರದೆಂದು ಆಮೇಲಿನ ಮಕ್ಕಳಿಗೆ ನಾನು ಹೇಳಿದ್ದೇನೆ, ಕದ್ದಿಲ್ಲ.

ಅವಳು ಮುಂದೆ ಕಾಲೇಜಿಗೆ ಹೋಗಲಿಲ್ಲ. ಎರಡು ವರ್ಷದ ಕುಶಲಕರ್ಮಿ ತರಬೇತಿ ಮುಗಿಸಿ, ಊರಿನ ಅಂಚಿನಲ್ಲಿದ್ದ ದೊಡ್ಡ ಕಂಪನಿಯೊಂದನ್ನು ಸೇರಿದಳು. ನೆಲದಾಳದಿಂದ ಎಣ್ಣೆಯನ್ನೂ ಅನಿಲವನ್ನೂ ತೆಗೆಯುವವರಿಗೆ ಬೇಕಾದ ಪಂಪು, ಕೊಳವೆ, ಯಂತ್ರ, ಜನ, ಎಲ್ಲವನ್ನೂ ಒದಗಿಸಿ, ಕೆಟ್ಟದ್ದನ್ನು ರಿಪೇರಿ ಮಾಡಿಕೊಡುವ ಕಂಪನಿ ಅದು. ತಾನಾಗಿ ಒಂದು ಹನಿ ಎಣ್ಣೆಯನ್ನೂ ಅದು ಮಾರುವುದಿಲ್ಲ. ಅಲ್ಲಿ ಇವಳ ಕೆಲಸ ಒತ್ತಡ ಅಳೆಯುವ ಮಾಪಕಗಳನ್ನು ಪರೀಕ್ಷಿಸುವುದು. ಗಡಿಯಾರದಂತೆ ದುಂಡಗಿರುವ, ಒಂದೇ ಮುಳ್ಳಿನ ಆ ಮಾಪಕಕ್ಕೆ ಕೆಲಸಗಾರರ ಬಾಯಲ್ಲಿ ಗೇಜು ಎಂದು ಹೆಸರು. ಹೀಗಾಗಿ ಇವಳು ಮೊದಲು ಗೇಜಿನ ಹುಡುಗಿಯಾದಳು, ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಗೇಜಕ್ಕನಾದಳು. ಒಟ್ಟು ಮೂವತ್ತೊಂದು ವರ್ಷ ಅದೇ ಕೆಲಸದಲ್ಲಿ ಉಳಿದಳು.

ಒಮ್ಮೆ ಅವಳು ಕೆಲಸ ಮಾಡುವ ಕೋಣೆಗೆ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ್ದಳು. ಕಿಟಕಿ ಸದಾ ಮುಚ್ಚಿರುವ, ಬಿಳಿ ಸುಣ್ಣದ, ಎಣ್ಣೆಯ ವಾಸನೆಯ ಸಣ್ಣ ಕೋಣೆ. ನಡುವೆ ಕಲ್ಲಿನ ಮೇಜು. ಅದರ ಮೇಲೆ ತೂಕದ ಯಂತ್ರ. ಒಂದು ಕಡೆ ಗೇಜನ್ನು ತಿರುಪಿ ಕೂರಿಸಬೇಕು, ಇನ್ನೊಂದು ಕಡೆ ಉಕ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಬೇಕು. ಬಿಲ್ಲೆಗಳ ಭಾರ ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಗೇಜನ್ನು ಒತ್ತುತ್ತದೆ. ತೂಕ ಸುಳ್ಳು ಹೇಳುವಂತಿಲ್ಲವಾದ್ದರಿಂದ, ಗೇಜು ಸುಳ್ಳು ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ಅವಳು ಬಿಲ್ಲೆಗಳನ್ನು ಬೆರಳ ತುದಿಯಿಂದ ಮೆಲ್ಲಗೆ ತಿರುಗಿಸಿ ಬಿಡುವಳು. ಅವು ಬುಗುರಿಯಂತೆ ಸದ್ದಿಲ್ಲದೆ ತಿರುಗುತ್ತಿರುವಾಗ, ಗೇಜಿನ ಗಾಜನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುವಳು. ಅಂಟಿಕೊಂಡ ಮುಳ್ಳು ತನ್ನ ಜಾಗಕ್ಕೆ ಬರಲಿ ಎಂದು. ಆಮೇಲೇ ಓದುವಳು. ಒತ್ತಡ ಏರಿಸುತ್ತ ಐದು ಸಲ, ಇಳಿಸುತ್ತ ಐದು ಸಲ. ಕೊನೆಗೆ ಮುಳ್ಳು ಸೊನ್ನೆಗೆ ಮರಳಿತೋ ಇಲ್ಲವೋ ಎಂದು ಇನ್ನೊಮ್ಮೆ.

ಸರಿಯಿದ್ದ ಗೇಜಿಗೆ ಹಸಿರು ಚೀಟಿ. ಅದರ ಮೇಲೆ ತಾರೀಖು, ಸಹಿ. ಕೆಟ್ಟದ್ದಕ್ಕೆ ಕೆಂಪು ಚೀಟಿ. ಕೆಂಪು ಚೀಟಿ ಬಿದ್ದ ಗೇಜನ್ನು ಕಂಪನಿಯ ದೊಡ್ಡ ಸಾಹೇಬರೂ ಮುಟ್ಟುವಂತಿರಲಿಲ್ಲ. ಮುಟ್ಟಬಾರದೆಂದು ನಿಯಮವಿತ್ತೋ ಇಲ್ಲವೋ ನಾನರಿಯೆ. ಇವಳ ಮುಖವೇ ಸಾಕಿತ್ತು.

ಅಲ್ಲಿನ ಉಗ್ರಾಣದವನು, ಬಿಡಿ ಸಾಮಾನುಗಳ ಉಸ್ತುವಾರಿ ನೋಡುತ್ತಿದ್ದ ಗಟ್ಟಿಮುಟ್ಟಾದ ಮನುಷ್ಯ, ನನಗೊಂದು ಕತೆ ಹೇಳಿದ್ದ. ಲಾರಿ ಹೊರಟು ನಿಂತಿತ್ತಂತೆ. ಮೇಸ್ತ್ರಿ ಬಂದು, "ಅಕ್ಕಾ, ಎರಡೇ ಗೀಟು ವ್ಯತ್ಯಾಸ. ಒಂದು ಹಸಿರು ಚೀಟಿ ಅಂಟಿಸಿ ಪುಣ್ಯ ಕಟ್ಕೊಳ್ಳಿ" ಎಂದು ಗೋಗರೆದನಂತೆ.

"ಆ ಎರಡು ಗೀಟಿನ ಪಕ್ಕ ನಿಂತು ಕೆಲಸ ಮಾಡೋನು ನಿನ್ನ ತಮ್ಮ ಆಗಿದ್ರೆ?"

"ನನಗೆ ತಮ್ಮನೇ ಇಲ್ಲ ಅಕ್ಕಾ."

"ಹಾಗಾದ್ರೆ ನೀನೇ ಹೋಗಿ ನಿಂತ್ಕೋ."

ಲಾರಿ ಮರುದಿನ ಹೊರಟಿತು.

ಕಂಪನಿಗೆ ಅವು ಒಳ್ಳೆಯ ವರ್ಷಗಳು. ವರ್ಷದ ಕೊನೆಯಲ್ಲಿ ಬೋನಸ್ಸಿನ ಬದಲು ಕೆಲಸಗಾರರಿಗೆ ಷೇರುಗಳನ್ನು ಕೊಡುವ ರೂಢಿ ಅಲ್ಲಿತ್ತು. ಹೆಚ್ಚಿನವರು ಅವನ್ನು ಆಗಿಂದಾಗ್ಗೆ ಮಾರಿ ಮನೆಗೆ ಟೀವಿಯನ್ನೋ ಬೀರುವನ್ನೋ ತಂದುಕೊಂಡರು. ಗೇಜಕ್ಕ ಮಾತ್ರ ಮಾರಲಿಲ್ಲ. "ನಾನು ದುಡಿದಿದ್ದರಲ್ಲಿ ಒಂದು ಪಾಲು ಅಲ್ಲೇ ಇರಲಿ ಬಿಡಿ ಸರ್" ಎನ್ನುತ್ತಿದ್ದಳು. ಹೀಗೆ ವರ್ಷ ವರ್ಷವೂ ಸೇರಿ ನಾಲ್ಕು ಸಾವಿರ ಷೇರುಗಳಾದವು. ಒಂದು ಕಾಲದಲ್ಲಿ ಷೇರೊಂದಕ್ಕೆ ಮುನ್ನೂರ ಹತ್ತರವರೆಗೂ ಬೆಲೆ ಏರಿತ್ತು. ಆಗ ಅವಳ ಗಂಡ ಅವಳನ್ನು "ಸಾಹುಕಾರ್ತಿ" ಎಂದು ಕರೆಯುತ್ತಿದ್ದ.

ಆಮೇಲೆ ಇಳಿಗಾಲ ಬಂತು. ಎಣ್ಣೆ ತೆಗೆಯುವವರು ಹೊಸ ಬಾವಿ ತೋಡುವುದನ್ನು ನಿಲ್ಲಿಸಿದರು. ಪಂಪುಗಳು ಅಂಗಳದಲ್ಲಿ ಸಾಲಾಗಿ ನಿಂತುಬಿಟ್ಟವು. ಕಂಪನಿ ಮೂರು ವರ್ಷ ನಷ್ಟ ತೋರಿಸಿತು. ಪರೀಕ್ಷೆಯ ಕೋಣೆಯನ್ನು ಮುಚ್ಚಿ, ಆ ಕೆಲಸವನ್ನು ಹೊರಗಿನವರಿಗೆ ವಹಿಸುತ್ತೇವೆಂದು ಹೇಳಿ, ಗೇಜಕ್ಕನಿಗೂ ಇನ್ನು ಎಂಬತ್ತು ಜನರಿಗೂ ಅವಧಿಗೆ ಮುಂಚೆಯೇ ನಿವೃತ್ತಿ ಕೊಟ್ಟು ಕಳುಹಿಸಿತು. ಷೇರಿನ ಬೆಲೆ ಇಳಿದು ಇಳಿದು ಮೂವತ್ತೆಂಟಕ್ಕೆ ಬಂದು ನಿಂತಿತು.

ಇನ್ನು ಮುಂದಿನದು ನಾನು ಕಣ್ಣಾರೆ ಕಂಡದ್ದು.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಂದು ಭಾನುವಾರ ಸಡಿಲವಾದ ಪ್ಯಾಂಟನ್ನು ಹಿಡಿದುಕೊಂಡು ಅಲ್ಲಿಗೆ ಹೋದೆ. ವಯಸ್ಸಾದಂತೆ ನನ್ನ ಸೊಂಟ ಕಿರಿದಾಗುತ್ತಿದೆ. ಪ್ಯಾಂಟು ಮಾತ್ರ ಹಿಂದಿನ ವೈಭವವನ್ನೇ ನೆನೆದುಕೊಂಡು ಕುಳಿತಿದೆ. ಒಳಗೆ ಜೋರು ಮಾತು ನಡೆದಿತ್ತು. ದರ್ಜಿ ಕತ್ತಿಗೆ ಅಳತೆಪಟ್ಟಿ ಹಾಕಿಕೊಂಡು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ. ಗೇಜಕ್ಕ ಗುಂಡಿಗಳ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಣ್ಣವಾರು ಬೇರ್ಪಡಿಸುತ್ತಿದ್ದಳು. ದರ್ಜಿಯ ತಮ್ಮ, ಎಂದರೆ ಅವಳ ಮೈದುನ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಫೋನು ಇಟ್ಟುಕೊಂಡು ನಿಂತಿದ್ದ. ಅವನು ಷೇರು ದಲ್ಲಾಳಿಯ ಕಚೇರಿಯಲ್ಲಿ ಗುಮಾಸ್ತ. ದಲ್ಲಾಳಿಗಿಂತ ಎರಡು ಪಟ್ಟು ಮಾತು.

"ಬನ್ನಿ ಮೇಷ್ಟ್ರೇ, ಸರಿಯಾದ ಹೊತ್ತಿಗೆ ಬಂದ್ರಿ. ನೀವೇ ನ್ಯಾಯ ಹೇಳಿ" ಎಂದ ದರ್ಜಿ.

ವಿಷಯ ಹೀಗಿತ್ತು. ಪಕ್ಕದ ಊರಿನಲ್ಲಿ ಪರೀಕ್ಷಾಲಯವೊಂದು ಬಾಗಿಲು ಮುಚ್ಚುತ್ತಿತ್ತು. ಅಲ್ಲಿನ ತೂಕದ ಯಂತ್ರ, ಗೇಜಕ್ಕ ಮೂವತ್ತೊಂದು ವರ್ಷ ಬಳಸಿದಂಥದ್ದೇ, ಅರ್ಧ ಬೆಲೆಗೆ ಮಾರಾಟಕ್ಕಿತ್ತು. ಮುಂದಿನ ಶುಕ್ರವಾರದವರೆಗೆ ಇವಳಿಗಾಗಿ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರು. ಕಾರ್ಖಾನೆಗಳ ಬೀದಿಯಲ್ಲಿ ಒಂದು ಸಣ್ಣ ಮಳಿಗೆಯೂ ಖಾಲಿಯಿತ್ತು. ಆ ಬೀದಿಯ ಬಾಯ್ಲರುಗಳು, ಟಯರಿನ ಅಂಗಡಿಗಳು, ಬೇಕರಿ, ಆಸ್ಪತ್ರೆ, ಎಲ್ಲಕ್ಕೂ ಗೇಜುಗಳಿವೆ. ಪರೀಕ್ಷಿಸುವವರು ಊರಿನಲ್ಲಿ ಯಾರೂ ಇಲ್ಲ. ಸ್ವಂತದ ಪರೀಕ್ಷೆಯ ಕೋಣೆ. ಅದು ಅವಳ ಬಹುದಿನದ ಆಸೆ. ನಾಲ್ಕು ಸಾವಿರ ಷೇರುಗಳನ್ನು ಮೂವತ್ತೆಂಟಕ್ಕೆ ಮಾರಿದರೆ ಯಂತ್ರಕ್ಕೂ ಮಳಿಗೆಯ ಮುಂಗಡಕ್ಕೂ ಸರಿಹೋಗುತ್ತಿತ್ತು. ಬೆಲೆ ಇನ್ನು ಐದು ಇಳಿದರೆ ಸಾಲದು.

"ಇದರಲ್ಲಿ ಕೇಳೋದೇನಿದೆ? ಮಾರಿಬಿಡು" ಎಂದ ದರ್ಜಿ. "ಹರೀತಾನೇ ಇರೋ ಬಟ್ಟೆಗೆ ಎಷ್ಟೂಂತ ಹೊಲಿಗೆ ಹಾಕ್ತೀಯಾ?"

"ಅಣ್ಣಾ, ನೀನು ಸುಮ್ನಿರು. ನಿನಗೆ ಪೇಟೆ ಗೊತ್ತಿಲ್ಲ" ಎಂದ ತಮ್ಮ. "ಅತ್ತಿಗೆ, ನನ್ನ ಮಾತು ಕೇಳಿ. ಇದು ತಳ. ಇಲ್ಲಿಂದ ಮೇಲಕ್ಕೇ ಹೋಗೋದು. ಎಣ್ಣೆ ಬೆಲೆ ಏರಿದ ದಿನ ಇದು ನೂರು ದಾಟುತ್ತೆ. ಧೈರ್ಯ ಇದ್ರೆ ಇನ್ನೂ ಸಾವಿರ ಕೊಂಡ್ಕೊಳ್ಳಿ, ಸರಾಸರಿ ಸರಿಹೋಗುತ್ತೆ."

ಗೇಜಕ್ಕ ಒಂದು ನೀಲಿ ಗುಂಡಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಕೆಟ್ಟ ಗೇಜಿನ ಪಕ್ಕ ಇನ್ನೊಂದು ಕೆಟ್ಟ ಗೇಜು ಕೂರಿಸಿ ಸರಾಸರಿ ತೆಗೆದ್ರೆ ಒಳ್ಳೇ ಗೇಜು ಆಗುತ್ತೇನಪ್ಪಾ?"

ದರ್ಜಿ ಬಾಯ್ತುಂಬ ನಕ್ಕ. ತಮ್ಮ ಸೋಲಲಿಲ್ಲ. "ಕೆಟ್ಟಿದೆ ಅಂತ ಯಾರು ಹೇಳಿದ್ದು? ಮೂವತ್ತೊಂದು ವರ್ಷ ನೀವೇ ಅಲ್ಲಿದ್ರಲ್ಲ. ನಿಮ್ಮ ಕಂಪನಿ ಮೇಲೆ ನಿಮಗೇ ನಂಬಿಕೆ ಇಲ್ವಾ?"

ಅವಳ ಕೈ ಗುಂಡಿಯ ಡಬ್ಬಿಯಲ್ಲೇ ನಿಂತುಹೋಯಿತು. ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತ್ತು. ಮಾರಿದರೆ ಯಂತ್ರ ಬರುತ್ತದೆ. ಆದರೆ ತನ್ನ ಮೂವತ್ತೊಂದು ವರ್ಷಕ್ಕೆ ತಾನೇ ಮೂವತ್ತೆಂಟೆಂದು ಬೆಲೆ ಕಟ್ಟಿದಂತೆ ಆಗುತ್ತದೆ. ಇದು ಅವಳು ಆಡಿದ ಮಾತಲ್ಲ, ನಾನು ಅವಳ ಮುಖದಲ್ಲಿ ಓದಿದ್ದು. ಓದಿದ್ದು ಸರಿಯೆಂದು ಆಮೇಲೆ ಅವಳೇ ಒಪ್ಪಿಕೊಂಡಳು.

"ಸರ್, ನೀವಾದ್ರೆ ಏನು ಮಾಡ್ತಿದ್ರಿ?" ಎಂದು ನನ್ನ ಕಡೆ ತಿರುಗಿದಳು.

"ನಾನಾದರೆ ಹೆದರಿಕೊಂಡು ಎಂದೋ ಮಾರಿಬಿಡುತ್ತಿದ್ದೆ" ಎಂದೆ. "ಆದರೆ ಹೆದರಿಕೊಂಡು ಮಾಡಿದ್ದು ಬುದ್ಧಿವಂತಿಕೆಯಲ್ಲ."

"ಹಾಗಾದ್ರೆ ನಾಳೆ ನನ್ನ ಜೊತೆ ಕಂಪನಿ ಅಂಗಳಕ್ಕೆ ಬನ್ನಿ" ಎಂದಳು. "ಈ ಫೋನಲ್ಲಿ ಬೆಲೆ ನೋಡಿ ನೋಡಿ ಕಣ್ಣು ಕೆಟ್ಟಿದ್ದು ಸಾಕು. ಹೋಗಿ ಚೀಟಿ ನೋಡ್ತೀನಿ."

"ಯಾವ ಚೀಟಿ ಅತ್ತಿಗೆ?"

"ಹಸಿರು ಚೀಟಿ. ಕಂಪನಿಗೆ ಕೈ ಬಿಗಿಯಾದಾಗ ಮೊದಲು ಕಾರು ಮಾರಲ್ಲ, ಸಾಹೇಬರ ಸಂಬಳ ಇಳಿಸಲ್ಲ. ಗೇಜು ಪರೀಕ್ಷೇನ ಮುಂದಕ್ಕೆ ಹಾಕುತ್ತೆ. ಆರು ತಿಂಗಳಿಗೊಮ್ಮೆ ಇದ್ದಿದ್ದು ವರ್ಷಕ್ಕೊಮ್ಮೆ ಆಗುತ್ತೆ. ತಾರೀಖು ಸರಿಯಾಗಿದ್ರೆ ಕಂಪನಿ ಸೊರಗಿದೆ ಅಷ್ಟೆ, ಕೆಟ್ಟಿಲ್ಲ. ಹಾಗಿದ್ರೆ ಒಂದು ಷೇರೂ ಮಾರಲ್ಲ. ಯಂತ್ರ ಹೋದ್ರೆ ಹೋಗ್ಲಿ."

ಮೈದುನ ಎರಡೂ ಕೈ ಎತ್ತಿದ. "ಲೋಕವೆಲ್ಲ ಲಾಭ ನಷ್ಟದ ಪಟ್ಟಿ ನೋಡುತ್ತೆ. ನಮ್ಮತ್ತಿಗೆ ಚೀಟಿ ನೋಡ್ತಾರೆ!"

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಕಂಪನಿಯ ಗೇಟಿನ ಮುಂದೆ ಇಳಿದೆವು. ಕಾವಲುಗಾರ ಅವಳನ್ನು ಕಂಡವನೇ ಎದ್ದು ನಿಂತ. ಒಳಗೆ ಎಲ್ಲವೂ ನಾನು ಅಂದುಕೊಂಡದ್ದಕ್ಕಿಂತ ಚೆಂದವಾಗಿತ್ತು. ಗೇಟಿಗೆ ಹೊಸ ಫಲಕ. ಕಚೇರಿಯ ಮುಂದೆ ಹೂವಿನ ಕುಂಡಗಳ ಸಾಲು. ಅಂಗಳದಲ್ಲಿ ಹಳದಿ ಬಣ್ಣ ಹೊಡೆದ ಹನ್ನೊಂದು ಪಂಪುಗಳು ಲಾರಿಗೇರಲು ಸಿದ್ಧವಾಗಿ ನಿಂತಿದ್ದವು. ಒಂದೊಂದೂ ಎಮ್ಮೆಯಷ್ಟು ದೊಡ್ಡದು. ಒಂದೊಂದರ ಹಣೆಯ ಮೇಲೂ ಒಂದೊಂದು ಗೇಜು.

ಅಂಗಳದ ವ್ಯವಸ್ಥಾಪಕ ಇಸ್ತ್ರಿ ಮಾಡಿದ ಅಂಗಿಯ, ಹಸನ್ಮುಖದ ಮನುಷ್ಯ. ಬಂದು ಎಂಟು ತಿಂಗಳಾಗಿತ್ತಂತೆ. "ಬನ್ನಿ ಅಮ್ಮ. ನಿಮ್ಮ ಬಗ್ಗೆ ತುಂಬ ಕೇಳಿದ್ದೀನಿ" ಎಂದ. "ನೋಡಿ, ಹೊಸ ಬೇಡಿಕೆ ಬಂದಿದೆ. ಇವತ್ತು ಮಧ್ಯಾಹ್ನ ಇಷ್ಟೂ ಪಂಪು ಹೊರಡುತ್ವೆ. ಒಳ್ಳೇ ದಿನ ಬರ್ತಿದೆ."

"ಒಳ್ಳೇದಾಗ್ಲಿ" ಎಂದಳು ಗೇಜಕ್ಕ. "ಸ್ವಲ್ಪ ನೋಡ್ಕೊಂಡು ಹೋಗ್ಲಾ?"

"ನಿಮ್ಮದೇ ಮನೆ. ನೋಡಿ, ನೋಡಿ."

ನಾನು ಹಿಂದೆ ಹಿಂದೆ ನಡೆದೆ. ಕನ್ನಡಕ ಏರಿಸಿಕೊಂಡು ಮೊದಲನೆಯ ಪಂಪಿನ ಚೀಟಿ ಓದಿದೆ. ಹಸಿರು ಚೀಟಿ, ಕಳೆದ ವಾರದ ತಾರೀಖು, ಸಹಿ. ಎರಡನೆಯದೂ ಹಾಗೆಯೇ. ಮೂರು, ನಾಲ್ಕು, ಹನ್ನೊಂದೂ ಹಾಗೆಯೇ. ಒಂದರಲ್ಲೂ ತಾರೀಖು ತಪ್ಪಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ಪರೀಕ್ಷೆಯಲ್ಲಿ ಪಾಸಾದವನು ನಾನೇ ಎಂಬಂತೆ, "ನೋಡಿದೆಯಾ ಅಮ್ಮ! ಎಲ್ಲವೂ ಸರಿಯಾಗಿದೆ. ನಿನ್ನ ಕಂಪನಿ ಕೆಟ್ಟಿಲ್ಲ!" ಎಂದು ಕೂಗಿಯೇಬಿಟ್ಟೆ.

ಅವಳು ಇನ್ನೂ ಮೊದಲನೆಯ ಪಂಪಿನ ಮುಂದೆಯೇ ನಿಂತಿದ್ದಳು. ಬೆರಳ ಗೆಣ್ಣಿನಿಂದ ಗಾಜನ್ನು ಒಮ್ಮೆ ತಟ್ಟಿದಳು. ಎರಡನೆಯದಕ್ಕೆ ಹೋಗಿ ತಟ್ಟಿದಳು. ಮೂರನೆಯದನ್ನು ತಟ್ಟಿ, ಬಾಗಿ ನೋಡಿ, "ಸರ್, ಇಲ್ಲಿ ಬನ್ನಿ" ಎಂದಳು.

ಹೋದೆ.

"ಈ ಪಂಪು ಓಡ್ತಿದೆಯಾ?"

"ಇಲ್ಲ. ನಿಂತಿದೆ."

"ಒಳಗೆ ಒತ್ತಡ ಎಷ್ಟಿರ್ಬೇಕು?"

"ಸೊನ್ನೆ."

"ಓದಿ."

ಓದಿದೆ. ಮುಳ್ಳು ಹದಿನೈದರ ಮೇಲೆ ನಿಂತಿತ್ತು. ಸುಮಾರು ನಲವತ್ತು ವರ್ಷದ ಹಿಂದಿನ ಅದೇ ಪಾಠ. ಬಾಯಿಪಾಠವಾಗಿ ಹೇಳಿಕೊಟ್ಟವನು ನಾನು, ಆದರೂ ಚೀಟಿಯ ಅಕ್ಷರ ಕಂಡೊಡನೆ ಮುಳ್ಳನ್ನು ನೋಡುವುದನ್ನೇ ಮರೆತಿದ್ದೆ.

"ಇನ್ನೂ ಒಂದಿದೆ" ಎಂದು ಅವಳು ಗೇಜಿನ ಕತ್ತನ್ನು ತೋರಿಸಿದಳು. ಪರೀಕ್ಷಿಸಬೇಕಾದರೆ ಗೇಜನ್ನು ಪಂಪಿನಿಂದ ಬಿಚ್ಚಲೇಬೇಕು. ಬಿಚ್ಚಿದರೆ ಅಲ್ಲಿನ ನಟ್ಟಿನ ಮೇಲೆ ಸ್ಪ್ಯಾನರಿನ ಗುರುತು ಬೀಳಬೇಕು. ಆ ನಟ್ಟಿನ ಮೇಲಿದ್ದದ್ದು ಹಳೆಯ, ಬಿಸಿಲಿಗೆ ಮಾಸಿದ ಹಳದಿ ಬಣ್ಣ. ಎಲ್ಲಿಯೂ ಒಂದು ಕೂದಲಿನಷ್ಟು ಬಿರುಕೂ ಇರಲಿಲ್ಲ. ವರ್ಷದಿಂದ ಆ ಗೇಜನ್ನು ಯಾರೂ ಮುಟ್ಟಿರಲಿಲ್ಲ. ಚೀಟಿಯನ್ನು ಮಾತ್ರ ಯಾರೋ ಕಚೇರಿಯಲ್ಲಿ ಕುಳಿತು ಬರೆದು, ಬಂದು ಅಂಟಿಸಿ ಹೋಗಿದ್ದರು.

ಹನ್ನೊಂದನ್ನೂ ತಟ್ಟಿ ನೋಡಿದಳು. ಹನ್ನೊಂದರ ಬಣ್ಣವೂ ಬಿರಿದಿರಲಿಲ್ಲ. ನಾಲ್ಕರ ಮುಳ್ಳು ಸೊನ್ನೆಯಲ್ಲಿರಲಿಲ್ಲ.

ಅವಳು ಕೈಚೀಲದಿಂದ ಕೆಂಪು ಚೀಟಿಗಳ ಪುಸ್ತಕ ತೆಗೆದಳು. ಕೆಲಸ ಬಿಟ್ಟು ಒಂದು ವರ್ಷವಾಗಿತ್ತು. ಪುಸ್ತಕ ಇನ್ನೂ ಚೀಲದಲ್ಲೇ ಇತ್ತು. ನಾಲ್ಕು ಚೀಟಿ ಬರೆದಳು, ನಾಲ್ಕು ಗೇಜಿಗೆ ಕಟ್ಟಿದಳು. ಅಷ್ಟರಲ್ಲಿ ವ್ಯವಸ್ಥಾಪಕ ಓಡಿ ಬಂದ. ನಗು ಮುಖದ ಮೇಲೇ ಇತ್ತು, ಆದರೆ ಸ್ವಲ್ಪ ಓರೆಯಾಗಿತ್ತು.

"ಅಮ್ಮ, ಏನಿದು? ಲಾರಿ ಬಂದು ನಿಂತಿದೆ."

"ಈ ನಾಲ್ಕು ಸೊನ್ನೆ ತಪ್ಪಿವೆ. ಉಳಿದ ಏಳನ್ನೂ ಯಾರೂ ಪರೀಕ್ಷೆ ಮಾಡಿಲ್ಲ. ಕಳಿಸೋ ಹಾಗಿಲ್ಲ."

"ಚೀಟಿ ಇದೆಯಲ್ಲ?"

"ಚೀಟಿ ಇದೆ. ಪರೀಕ್ಷೆ ಎಲ್ಲಿ?"

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಅಮ್ಮ, ತಪ್ಪು ತಿಳ್ಕೋಬೇಡಿ. ನೀವು ಈಗ ಇಲ್ಲಿ ಕೆಲಸದಲ್ಲಿಲ್ಲ."

"ಕೆಲಸದಲ್ಲಿ ಇಲ್ಲ, ನಿಜ" ಎಂದಳು. ದನಿ ಏರಿಸಲಿಲ್ಲ. "ಆದ್ರೆ ನಾಲ್ಕು ಸಾವಿರ ಷೇರು ನನ್ನ ಹೆಸರಲ್ಲಿವೆ. ಈ ಪಂಪಲ್ಲಿ ಒಂದು ತಿರುಪಾದ್ರೂ ನನ್ನದು. ಒಡತಿಯಾಗಿ ಕೇಳ್ತಿದ್ದೀನಿ. ಇದು ಹೀಗೇ ಹೋಗಿ, ಅಲ್ಲಿ ಯಾವನೋ ಒಬ್ಬ ಮುಳ್ಳು ನಂಬಿ ಪಕ್ಕದಲ್ಲಿ ನಿಂತು ಏನಾದ್ರೂ ಆದ್ರೆ, ಈ ಚೀಟಿಗೆ ಸಹಿ ಹಾಕಿದೋರು ಯಾರು ಅಂತ ಕೇಳ್ತಾರೆ. ಆಗ ನೀವು ಯಾರನ್ನ ತೋರಿಸ್ತೀರಿ?"

ಅಷ್ಟರಲ್ಲಿ ಉಗ್ರಾಣದ ಬಾಗಿಲಿಂದ ಆ ಗಟ್ಟಿಮುಟ್ಟಾದ ಹಳೆಯ ಸಹೋದ್ಯೋಗಿ ಹೊರಗೆ ಬಂದ. ಕೈಯಲ್ಲಿ ಸ್ಪ್ಯಾನರ್ ಇತ್ತು. ವ್ಯವಸ್ಥಾಪಕನ ಕಡೆ ತಿರುಗಿಯೂ ನೋಡದೆ, "ಯಾವ ನಾಲ್ಕು ಅಕ್ಕಾ?" ಎಂದ. ಒಂದೊಂದಾಗಿ ಬಿಚ್ಚತೊಡಗಿದ. ಹಳೆಯ ಬಣ್ಣ ಚೂರು ಚೂರಾಗಿ ನೆಲಕ್ಕೆ ಉದುರಿತು. ವ್ಯವಸ್ಥಾಪಕ ಫೋನು ತೆಗೆದು ಲಾರಿಯವನಿಗೆ, "ನಾಳೆ ಬಾ" ಎಂದ. ಆ ಮನುಷ್ಯನನ್ನು ನಾನು ಪೂರ್ತಿ ಕೆಟ್ಟವನೆಂದು ಹೇಳಲಾರೆ. ಕೆಟ್ಟವನಾಗಿದ್ದರೆ ಅವನಿಗೆ ಕಾವಲುಗಾರನನ್ನು ಕರೆಯುವುದು ಇನ್ನೂ ಸುಲಭವಿತ್ತು.

ಬಸ್ಸಿಗೆ ಕಾಯುತ್ತ ನಿಂತಾಗ ಅವಳು ನನ್ನನ್ನು ನೋಡದೆಯೇ ಹೇಳಿದಳು:

"ತಾರೀಖು ತಪ್ಪಿದ್ರೂ ನಾನು ಮಾರ್ತಿರಲಿಲ್ವೇನೋ ಸರ್. ದುಡ್ಡಿಲ್ಲ, ಮುಂದಕ್ಕೆ ಹಾಕಿದ್ದಾರೆ ಅಂತ ಅಂದ್ಕೊಳ್ತಿದ್ದೆ. ಇದು ಹಾಗಲ್ಲ. ಎಣ್ಣೆ ಬೆಲೆ ಏರಿದ್ರೆ ಇಂಥ ಎಲ್ಲ ಕಂಪನಿ ಷೇರೂ ಏರುತ್ತೆ. ಆದ್ರೆ ನಾವು ಮಾರೋದು ಎಣ್ಣೆ ಅಲ್ಲ, ಕೆಲಸ. ಕೆಲಸಾನೇ ಸುಳ್ಳಾದ್ರೆ ಇನ್ನು ಅಲ್ಲಿ ನನ್ನ ಪಾಲು ಅಂತ ಏನಿದೆ?"

ಮರುದಿನ ಬೆಳಿಗ್ಗೆ ಮೈದುನನ ಕಚೇರಿಗೆ ಹೋಗಿ ಮಾರುವ ಕಾಗದಕ್ಕೆ ಸಹಿ ಹಾಕಿದಳು. ನಾಲ್ಕು ಸಾವಿರದಲ್ಲಿ ಹತ್ತನ್ನು ಉಳಿಸಿಕೊಂಡಳು.

"ಹತ್ತು ಷೇರು ಇಟ್ಕೊಂಡ್ರೆ ಏನು ಬರುತ್ತೆ ಅತ್ತಿಗೆ? ಒಂದು ಜೊತೆ ಚಪ್ಪಲೀನೂ ಬರಲ್ಲ" ಎಂದನಂತೆ ಅವನು.

"ಬಾಯಿ ಬರುತ್ತೆ" ಎಂದಳಂತೆ. "ವರ್ಷಕ್ಕೊಂದು ಸಭೆ ಕರೀತಾರಲ್ಲ, ಅಲ್ಲಿ ಎದ್ದು ನಿಂತು ಕೇಳೋ ಬಾಯಿ."

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಅದೇ ಶುಕ್ರವಾರ ಕಂಪನಿಗೆ ದೊಡ್ಡ ಗುತ್ತಿಗೆಯೊಂದು ಸಿಕ್ಕಿದೆಯೆಂಬ ಸುದ್ದಿ ಬಂದು, ಷೇರಿನ ಬೆಲೆ ನಲವತ್ತೇಳಕ್ಕೆ ಹಾರಿತು. ಮೈದುನ ಮನೆಗೆ ಬಂದು ಏನೂ ಹೇಳಲಿಲ್ಲವಂತೆ. ಹೇಳಿದ್ದರೆ ವಾಸಿಯಿತ್ತು, ಸುಮ್ಮನೆ ಕುಳಿತು ಚಹಾ ಕುಡಿದು, ಲೋಟವನ್ನು ಮೆಲ್ಲಗೆ ಇಟ್ಟು ಹೋದನಂತೆ. ನಾನು ಪ್ಯಾಂಟು ತರಲು ಹೋದಾಗ ಅವಳನ್ನು ನೇರವಾಗಿಯೇ ಕೇಳಿದೆ: "ಬೇಸರವಾಯಿತೆ?"

"ಆಗದೆ ಇರುತ್ತಾ ಸರ್? ಎರಡು ದಿನ ಊಟ ಸೇರಲಿಲ್ಲ" ಎಂದಳು. "ಆದ್ರೆ ಸೊನ್ನೆ ತಪ್ಪಿದ ಗೇಜು ಕೆಲವು ಸಲ ಸರಿಯಾದ ಒತ್ತಡಾನೇ ತೋರಿಸುತ್ತೆ. ತೋರಿಸ್ತು ಅಂತ ಅದಕ್ಕೆ ಹಸಿರು ಚೀಟಿ ಕೊಡೋಕಾಗುತ್ತಾ?"

ದರ್ಜಿ ಯಂತ್ರದ ಸದ್ದು ನಿಲ್ಲಿಸಿ, ಬಾಯಲ್ಲಿದ್ದ ಸೂಜಿಯನ್ನು ತೆಗೆದು, "ಇವಳ ಹತ್ರ ನಾನು ಮೂವತ್ತು ವರ್ಷದಿಂದ ಹಸಿರು ಚೀಟಿಗೆ ಕಾಯ್ತಿದ್ದೀನಿ ಮೇಷ್ಟ್ರೇ" ಎಂದ. ಅವಳು ಕೈಗೆ ಸಿಕ್ಕಿದ ದಾರದ ಉಂಡೆಯನ್ನು ಅವನ ಕಡೆ ಎಸೆದಳು. ಆ ಮನೆಯಲ್ಲಿ ಮತ್ತೆ ಊಟ ಸೇರಿತೆಂದು ನನಗೆ ತಿಳಿಯಿತು.

ಈಗ ಕಾರ್ಖಾನೆಗಳ ಬೀದಿಯಲ್ಲಿ ಬೆಸುಗೆಯ ಅಂಗಡಿಗೂ ಬ್ಯಾಟರಿಯ ಅಂಗಡಿಗೂ ನಡುವೆ ಅವಳ ಕೋಣೆಯಿದೆ. ಹತ್ತು ಅಡಿ, ಹನ್ನೆರಡು ಅಡಿ. ಕಿಟಕಿ ಮುಚ್ಚಿದೆ, ಸುಣ್ಣ ಬಿಳಿಯಾಗಿದೆ, ಎಣ್ಣೆಯ ವಾಸನೆ ಬರುತ್ತದೆ. ಫಲಕವನ್ನು ನಾನೇ ಬರೆದುಕೊಟ್ಟೆ. ಮೂವತ್ತಾರು ವರ್ಷ ಕರಿಹಲಗೆಯ ಮೇಲೆ ಬರೆದ ಕೈ, ಒಂದು ಅಕ್ಷರವೂ ಸಾಲು ತಪ್ಪಿಲ್ಲ. ಮೊದಲ ಗಿರಾಕಿಯೂ ನಾನೇ. ಮನೆಯಲ್ಲಿದ್ದ, ಪಂಪು ಒತ್ತಿ ರಕ್ತದೊತ್ತಡ ಅಳೆಯುವ ಗೇಜನ್ನು ತೆಗೆದುಕೊಂಡು ಹೋಗಿದ್ದೆ. ಅದು ತಿಂಗಳುಗಟ್ಟಲೆ ನನ್ನನ್ನು ಹೆದರಿಸುತ್ತಿತ್ತು. ಅವಳು ನೋಡಿದಳು, ತಟ್ಟಿದಳು, "ಸರ್, ಇದು ಸುಮ್ಮನೆ ಕೂತಿದ್ದಾಗಲೇ ಹನ್ನೆರಡು ತೋರಿಸ್ತಿದೆ. ನಿಮಗಿಂತ ಇದಕ್ಕೇ ಒತ್ತಡ ಜಾಸ್ತಿ" ಎಂದಳು. ಹಾಗೆಂದು ಡಾಕ್ಟರ ಬಳಿ ಹೋಗುವುದನ್ನು ಬಿಡಬಾರದೆಂದು ಗದರಿಸಿಯೂ ಕಳುಹಿಸಿದಳು.

ಕಂಪನಿಯ ವಾರ್ಷಿಕ ಸಭೆಗೆ ಅವಳು ಹೋಗಿಬಂದಳು. ಹತ್ತು ಷೇರಿನ ಒಡತಿ ಎದ್ದು ನಿಂತು, ಪರೀಕ್ಷೆಯ ಕೋಣೆ ಮುಚ್ಚಿದ ಮೇಲೆ ಗೇಜುಗಳನ್ನು ಯಾರು, ಎಲ್ಲಿ ಪರೀಕ್ಷಿಸುತ್ತಿದ್ದಾರೆ ಎಂದು ಕೇಳಿದಳಂತೆ. ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿ, ಬರವಣಿಗೆಯಲ್ಲಿ ಉತ್ತರ ಕೊಡುತ್ತೇವೆ ಎಂದರಂತೆ. ಉತ್ತರದ ಕಾಗದ ಬರಲಿಲ್ಲ.

ಕಾಗದದ ಬದಲು, ಎರಡು ತಿಂಗಳಾದ ಮೇಲೆ ಒಂದು ಮರದ ಪೆಟ್ಟಿಗೆ ಬಂತು. ಆ ದಿನ ನಾನು ಅಲ್ಲೇ ಇದ್ದೆ. ಉಗ್ರಾಣದವನು ಗಾಡಿಯಿಂದ ಪೆಟ್ಟಿಗೆಯನ್ನು ಇಳಿಸಿ, ಬೆವರು ಒರೆಸಿಕೊಂಡು, "ಅಕ್ಕಾ, ಅರವತ್ತು ಗೇಜು. ಇನ್ನು ಮೇಲೆ ಆರು ತಿಂಗಳಿಗೊಮ್ಮೆ ಎಲ್ಲವೂ ಇಲ್ಲಿಗೇ ಬರ್ತವೆ. ಸಾಹೇಬರು ಸಹಿ ಹಾಕಿ ಕಳಿಸಿದ್ದಾರೆ" ಎಂದು ಕಂಪನಿಯ ಮುದ್ರೆಯ ಪತ್ರವೊಂದನ್ನು ಮುಂದಿಟ್ಟ. "ನಮ್ಮದು ಅಂತ ಸ್ವಲ್ಪ ಕೈ ಸಡಿಲ ಬಿಡ್ತೀರೋ ಹೇಗೆ?"

"ಬಿಟ್ಟಿದ್ದು ನೋಡಿದ್ದೀಯಾ ಯಾವತ್ತಾದ್ರೂ?" ಎಂದಳು.

ಅವನು ತೃಪ್ತಿಯಿಂದ ನಕ್ಕು ಬಾಗಿಲಲ್ಲೇ ಕುಳಿತುಕೊಂಡ. ಅಂದು ಆ ಕಂಪನಿಯ ಷೇರಿನ ಬೆಲೆ ಎಷ್ಟಿತ್ತೋ ನಾನರಿಯೆ. ಮೈದುನ ಒಮ್ಮೆ ಐವತ್ತೊಂದು ಎನ್ನುತ್ತಾನೆ, ಇನ್ನೊಮ್ಮೆ ಇಪ್ಪತ್ತೊಂಬತ್ತು ಎನ್ನುತ್ತಾನೆ. ಅವನ ಮುಖ ನೋಡಿದರೇ ಅಂದಿನ ಬೆಲೆ ಗೊತ್ತಾಗುತ್ತದೆ. ಗೇಜಕ್ಕ ಕೇಳುವುದಿಲ್ಲ. ಅವಳು ಪತ್ರವನ್ನು ಎರಡು ಸಲ ಓದಿ, ಮಡಿಸಿ, ಬಿಲ್ಲೆಗಳ ಪೆಟ್ಟಿಗೆಯ ಕೆಳಗೆ ಇಟ್ಟಳು. ಕಣ್ಣಂಚನ್ನು ಮುಂಗೈಯಿಂದ ಒರೆಸಿಕೊಂಡಳು. ಬೆರಳಿಗೆ ಎಣ್ಣೆ ಹತ್ತಿತ್ತು. ಆಮೇಲೆ ಮೊದಲನೆಯ ಗೇಜನ್ನು ಯಂತ್ರಕ್ಕೆ ತಿರುಪಿ ಕೂರಿಸಿ, ಸೊನ್ನೆ ನೋಡಿ, ಎರಡು ಬಿಲ್ಲೆ ಪೇರಿಸಿ, ಮೆಲ್ಲಗೆ ತಿರುಗಿಸಿ ಬಿಟ್ಟಳು.

"ಸರ್, ಕೂತು ಕೂತು ಬೇಜಾರಾಗಿರುತ್ತೆ. ಬನ್ನಿ, ಇದನ್ನ ನೀವೇ ಓದಿ. ನಾನು ಬರ್ಕೊಳ್ತೀನಿ."

ಎದ್ದು ಹೋದೆ. ಕನ್ನಡಕ ಸರಿಮಾಡಿಕೊಂಡೆ. ಉಕ್ಕಿನ ಬಿಲ್ಲೆಗಳು ಸದ್ದಿಲ್ಲದೆ ತಿರುಗುತ್ತಿದ್ದವು. ನನ್ನ ಶಿಷ್ಯೆ ಪೆನ್ನು ಹಿಡಿದು ಕಾಯುತ್ತಿದ್ದಳು. ನಾನು ಓದುವ ಮೊದಲು, ಬೆರಳ ಗೆಣ್ಣಿನಿಂದ, ಗಾಜನ್ನು ಒಮ್ಮೆ ತಟ್ಟಿದೆ.